ಸಿ ಭಾಷೆಯಲ್ಲಿ ಬರೆದ ಲಿಂಕ್ಡ್ ಲಿಸ್ಟ್ (ಒಂದು ನೋಡ್ ಮುಂದಿನದನ್ನು ತೋರಿಸುವ ಸರಪಳಿ) ಪ್ರೋಗ್ರಾಂ ಒಮ್ಮೊಮ್ಮೆ ಸರಿಯಾಗಿ ಓಡುತ್ತೆ, ಒಮ್ಮೊಮ್ಮೆ ಮುಟ್ಟಬಾರದ ಮೆಮೊರಿ ಮುಟ್ಟಿ ಸೆಗ್ಮೆಂಟೇಶನ್ ಫಾಲ್ಟ್ ಎಂದು ಬೀಳುತ್ತೆ. ಪ್ರಿಂಟ್‌ಎಫ್ ಹಾಕಿದರೂ ತಪ್ಪಿರುವ ಜಾಗ ಸಿಗ್ತಿಲ್ಲ. ಹೇಗೆ ಹುಡುಕೋದು?

ಮೊದಲು ಪ್ರಿಂಟ್‌ಎಫ್ ನಂಬುವುದನ್ನು ಬಿಡಿ. ಅದು ಬರೆದದ್ದು ಮೊದಲು ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಕೂರುತ್ತದೆ. ಕೊನೆಗೆ ನ್ಯೂಲೈನ್ ಇಲ್ಲದಿದ್ದರೆ, ಅಥವಾ ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ, ಪ್ರೋಗ್ರಾಂ ಬಿದ್ದಾಗ ಬಫರ್‌ನಲ್ಲಿದ್ದದ್ದೂ ಅದರ ಜೊತೆಗೇ ಹೋಗುತ್ತದೆ. "ಇಲ್ಲಿಗೆ ಬಂದೇ ಇಲ್ಲ" ಎಂದು ನೀವು ಅಂದುಕೊಂಡ ಸಾಲನ್ನು ಅದು ಆಗಲೇ ದಾಟಿರಬಹುದು. ಹಾಕಲೇಬೇಕಿದ್ದರೆ ಎಫ್‌ಪ್ರಿಂಟ್‌ಎಫ್‌ನಿಂದ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ, ಅದು ಬಫರ್‌ನಲ್ಲಿ ಕಾಯುವುದಿಲ್ಲ.

ಜಿಸಿಸಿ ಕಂಪೈಲರ್‌ಗೆ -ಜಿ (ಡೀಬಗ್ ಮಾಹಿತಿ ಸೇರಿಸಲು) ಮತ್ತು -ವಾಲ್ (ವಾರ್ನಿಂಗ್‌ಗಳನ್ನು ತೋರಿಸಲು) ಕೊಟ್ಟು ಮತ್ತೆ ಕಂಪೈಲ್ ಮಾಡಿ. ಆಪ್ಟಿಮೈಸೇಶನ್ ಬೇಡ, ಇದ್ದರೆ ಸಾಲಿನ ಸಂಖ್ಯೆಗಳು ಹಿಂದುಮುಂದಾಗುತ್ತವೆ. ವಾರ್ನಿಂಗ್ ಬಂದರೆ ಅವನ್ನೇ ಮೊದಲು ಸರಿಪಡಿಸಿ. ಸ್ಕ್ಯಾನ್‌ಎಫ್‌ನಲ್ಲಿ ಆಂಪರ್‌ಸ್ಯಾಂಡ್ ಮರೆತದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಜಿಡಿಬಿ ಎಂಬ ಡೀಬಗರ್‌ನಲ್ಲಿ ರನ್ ಮಾಡಿ, ಬಿದ್ದ ಕೂಡಲೇ ಬಿಟಿ ಎಂದು ಟೈಪ್ ಮಾಡಿ. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ ಬರುತ್ತದೆ, ಅದರ ಒಂದೊಂದು ನಮೂದೂ ಒಂದು ಫ್ರೇಮ್. ಮೊದಲ ಫ್ರೇಮ್ ಲೈಬ್ರರಿಯದಾಗಿದ್ದರೆ ಅಪ್ ಎನ್ನುತ್ತಾ ನಿಮ್ಮ ಕೋಡ್‌ವರೆಗೆ ಬಂದು ಪಾಯಿಂಟರನ್ನು ಪ್ರಿಂಟ್ ಮಾಡಿ ನೋಡಿ. ಸೊನ್ನೆ ಇದ್ದರೆ ನಲ್ ಚೆಕ್ (ಪಾಯಿಂಟರ್ ಖಾಲಿಯೇ ಎಂಬ ಪರೀಕ್ಷೆ) ಬಿಟ್ಟುಹೋಗಿದೆ ಎಂದರ್ಥ, ಅದು ಸುಲಭ. ಪಟ್ಟಿಯಲ್ಲಿ ಒಂದೇ ಫಂಕ್ಷನ್ ಸಾವಿರಾರು ಸಲ ಕಂಡರೆ ಅದು ತನ್ನನ್ನೇ ಕರೆದುಕೊಳ್ಳುವ ರಿಕರ್ಶನ್ ನಿಲ್ಲದೆ, ಫಂಕ್ಷನ್ ಕರೆಗಳಿಗೆಂದು ಇರುವ ಮೆಮೊರಿಯಾದ ಸ್ಟ್ಯಾಕ್ ತುಂಬಿದೆ. ಲಿನಕ್ಸ್‌ನಲ್ಲಿ ಅದರ ಮಿತಿ ಸಾಮಾನ್ಯವಾಗಿ 8 ಎಂಬಿ.

ಆದರೆ ನಿಮ್ಮದು ಒಮ್ಮೊಮ್ಮೆ ಮಾತ್ರ ಬೀಳುತ್ತಿದೆ. ಹಾಗಾದರೆ ಬಿದ್ದ ಸಾಲಿನಲ್ಲಿ ತಪ್ಪೇ ಇಲ್ಲದಿರಬಹುದು, ಬೇರೆಲ್ಲೋ ಮೆಮೊರಿ ಕೆಟ್ಟಿರುತ್ತದೆ. ಲಿಂಕ್ಡ್ ಲಿಸ್ಟ್‌ನಲ್ಲಿ ನಾನು ಮೊದಲು ಅನುಮಾನಿಸುವುದು ಎರಡು ಜಾಗಗಳನ್ನು. ಒಂದು, ಮೆಮೊರಿ ಕೇಳುವ ಮ್ಯಾಲಕ್‌ಗೆ ನೋಡ್‌ನ ಅಳತೆಯ ಬದಲು ಪಾಯಿಂಟರ್‌ನ ಅಳತೆ ಕೊಡುವುದು. 64 ಬಿಟ್ ಲಿನಕ್ಸ್‌ನಲ್ಲಿ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು 8 ಬೈಟ್ ಕೇಳಿದರೂ 24 ಬೈಟ್ ಬಳಸುವಷ್ಟು ಜಾಗ ಸಿಗುತ್ತದೆ. ಒಂದು ಇಂಟ್, ಒಂದು ನೆಕ್ಸ್ಟ್ (ಮುಂದಿನ ನೋಡ್‌ನ ಪಾಯಿಂಟರ್) ಇರುವ 16 ಬೈಟಿನ ನೋಡ್ ಅದರಲ್ಲಿ ಹಿಡಿದುಬಿಡುತ್ತದೆ, ತಪ್ಪು ಕಾಣುವುದಿಲ್ಲ. ಮುಂದೆ ಅದೇ ನೋಡ್‌ಗೆ ಹೆಸರಿಗೆಂದು 32 ಅಕ್ಷರದ ಅರೇ ಸೇರಿಸಿದ ದಿನ ಪಕ್ಕದ ಬ್ಲಾಕ್ ಹಾಳಾಗಿ, ಸಂಬಂಧವೇ ಇಲ್ಲದ ಇನ್ನೊಂದು ಮ್ಯಾಲಕ್‌ನಲ್ಲಿ ಪ್ರೋಗ್ರಾಂ ಬೀಳುತ್ತದೆ. ಇನ್ನೊಂದು, ನೋಡನ್ನು ಫ್ರೀ ಮಾಡಿ ಅದರ ಮೆಮೊರಿ ಹಿಂದಿರುಗಿಸಿದ ಮೇಲೆ ಅದರದೇ ನೆಕ್ಸ್ಟ್ ಓದುವುದು. ನೆಕ್ಸ್ಟನ್ನು ಮೊದಲೇ ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಂಡು ಆಮೇಲೆ ಫ್ರೀ ಮಾಡಬೇಕು.

ಎರಡನ್ನೂ ಕಂಪೈಲರ್‌ನ ಅಡ್ರೆಸ್ ಸ್ಯಾನಿಟೈಜರ್ ಎಂಬ ಮೆಮೊರಿ ತಪಾಸಣಾ ಸಾಧನ ಹಿಡಿಯುತ್ತದೆ. ಕಂಪೈಲ್ ಮತ್ತು ಲಿಂಕ್ ಎರಡೂ ಹಂತದಲ್ಲಿ -ಎಫ್‌ಸ್ಯಾನಿಟೈಜ್=ಅಡ್ರೆಸ್ ಕೊಡಿ, ಮಾಮೂಲಿನಂತೆ ಓಡಿಸಿ. ಫ್ರೀ ಆದದ್ದನ್ನು ಮುಟ್ಟಿದರೆ ಎಲ್ಲಿ ಮುಟ್ಟಿದಿರಿ, ಎಲ್ಲಿ ಫ್ರೀ ಮಾಡಿದಿರಿ, ಎಲ್ಲಿ ಮ್ಯಾಲಕ್ ಮಾಡಿದಿರಿ ಎಂದು ಮೂರನ್ನೂ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ವರದಿಯಲ್ಲಿ ವಿಳಾಸ 8ರಂಥ ಸಣ್ಣ ಸಂಖ್ಯೆಯಾಗಿದ್ದರೆ, ನಲ್ ಪಾಯಿಂಟರ್ ಹಿಡಿದು ನೆಕ್ಸ್ಟ್ ಓದಲು ಹೋಗಿದ್ದೀರಿ: ಆ ಪುಟ್ಟ ನೋಡ್‌ನಲ್ಲಿ ನೆಕ್ಸ್ಟ್ ಇರುವುದು 8ನೇ ಬೈಟಿನಲ್ಲಿ.

ಮತ್ತೆ ಕಂಪೈಲ್ ಮಾಡಲು ಆಗದಿದ್ದರೆ ಮಾತ್ರ ವಾಲ್‌ಗ್ರೈಂಡ್ ಎಂಬ ಇನ್ನೊಂದು ಮೆಮೊರಿ ತಪಾಸಣಾ ಸಾಧನ ಬಳಸಿ. ಪ್ರೋಗ್ರಾಂ 10ರಿಂದ 30 ಪಟ್ಟು ನಿಧಾನವಾಗುತ್ತದೆ. ಸ್ಯಾನಿಟೈಜರ್ ಹಾಕಿ ಕಟ್ಟಿದ ಬೈನರಿಯನ್ನು ಅದರಲ್ಲಿ ಓಡಿಸಬೇಡಿ, ಎರಡೂ ಒಟ್ಟಿಗೆ ಕೆಲಸ ಮಾಡುವುದಿಲ್ಲ.