ಒಂಬತ್ತನೇ ಕ್ಲಾಸಿಗೆ ನ್ಯೂಜೆರ್ಸಿಯಿಂದ ಬಂದ ಹುಡುಗಿ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅಪ್ಪ, ಅಮ್ಮ, ಹುಡುಗಿ ಮೂವರೂ ಒಪ್ಪಿದ್ದಾರೆ.)

ಹುಡುಗಿಯನ್ನು ನಿಧಿ ಅನ್ನೋಣ. ವಯಸ್ಸು 14. ಹುಟ್ಟಿದ್ದು, ಎಂಟನೇ ಗ್ರೇಡ್‌ವರೆಗೆ ಓದಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಜ್ಜಿಗೆ ಹುಷಾರಿಲ್ಲ ಅಂತ ಮನೆಯವರೆಲ್ಲ ಬೆಂಗಳೂರಿಗೆ ವಾಪಸ್ ಬಂದರು. ಅಲ್ಲಿ ಶಾಲೆ ಮುಗಿಯುವುದು ಜೂನ್ ಕೊನೆಗೆ. ಇಲ್ಲಿ ಸಿಬಿಎಸ್‌ಇ ವರ್ಷ ಏಪ್ರಿಲ್‌ಗೇ ಶುರು. ಜುಲೈನಲ್ಲಿ ಒಂಬತ್ತನೇ ಕ್ಲಾಸಿಗೆ ಸೇರುವ ಹೊತ್ತಿಗೆ ಮೊದಲ ಟೆಸ್ಟ್ ಮುಗಿದೇ ಹೋಗಿತ್ತು. ಸೆಪ್ಟೆಂಬರ್‌ನ ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 80ಕ್ಕೆ 31, ಸಮಾಜಕ್ಕೆ 38. ಅಲ್ಲಿ ಎಲ್ಲದಕ್ಕೂ ಎ ಗ್ರೇಡ್ ತರುತ್ತಿದ್ದ ಮಗು. ಆಮೇಲೆ ಟೆಸ್ಟ್ ಇದ್ದ ದಿನವೆಲ್ಲ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರ್ ನೋಡಿ ಏನೂ ತೊಂದರೆ ಇಲ್ಲ ಅಂದರು, ಆಪ್ತ ಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ನಿಧಿ ಮಾತಾಡಿದ್ದು ಕಡಿಮೆ. ಮಾತಾಡಿದ್ದೆಲ್ಲ ಅಪ್ಪ ಅಮ್ಮ. ಅಪ್ಪ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮಾಡಿದವರು. "ಅಮೆರಿಕದಲ್ಲಿ ಗಣಿತ ಏನೂ ಹೇಳಿಕೊಡಲ್ಲ ಮೇಡಂ, ಆಟ ಆಡಿಸ್ತಾರೆ. ಅದಕ್ಕೇ ಫೌಂಡೇಶನ್ ಕೋಚಿಂಗ್‌ಗೆ ಸೇರಿಸಿದೀನಿ" ಅಂದರು. ಫೌಂಡೇಶನ್ ಅಂದರೆ ಜೆಇಇ ಥರದ ಪ್ರವೇಶ ಪರೀಕ್ಷೆಗೆ ಈಗಿನಿಂದಲೇ ತಯಾರಿ. ಅಮ್ಮನ ವಾದ ಬೇರೆ. "ಇಲ್ಲಿ ಬರೀ ಬಾಯಿಪಾಠ. ಯೋಚನೆ ಮಾಡೋ ಮಕ್ಕಳಿಗೆ ಜಾಗ ಇಲ್ಲ." ಮನೆಯಲ್ಲಿ ದಿನಾ ರಾತ್ರಿ ಇದೇ ಚರ್ಚೆಯಂತೆ. ಎರಡು ದೇಶಗಳ ಜಗಳ ನಡೆಯುತ್ತಿದ್ದದ್ದು ಈ ಹುಡುಗಿಯ ಮಾರ್ಕ್ಸ್ ಕಾರ್ಡಿನ ಮೇಲೆ.

ವಿದೇಶದಿಂದ ಮರಳಿದ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಹಾಗಾಗಿ ನಾನು ಮೊದಲು ಮಾಡಿದ್ದು ಆ ಜಗಳದ ಗಾಳಿ ಸ್ವಲ್ಪ ತೆಗೆಯುವ ಕೆಲಸ.

ಅಪ್ಪನಿಗೆ ಹೇಳಿದೆ: 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆ ಇದೆಯಲ್ಲ, 2022ರಲ್ಲಿ ಅದರ ಗಣಿತದಲ್ಲಿ ಅಮೆರಿಕಕ್ಕೆ ಬಂದದ್ದು 465 ಅಂಕ. ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ದೇಶಗಳ ಸರಾಸರಿ 472. ಅಂದರೆ ನಿಮ್ಮ ದೂರಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಅದೇ ಪರೀಕ್ಷೆಯ 2009ರ ಸುತ್ತಿಗೆ ನಮ್ಮಿಂದ ತಮಿಳುನಾಡು, ಹಿಮಾಚಲ ಪ್ರದೇಶ ಎರಡೇ ರಾಜ್ಯ ಹೋಗಿದ್ದವು. ಎರಡೂ ಪಟ್ಟಿಯ ತಳದಲ್ಲಿ ಉಳಿದವು. ನೀವು 'ಇಂಡಿಯಾದ ಗಣಿತ' ಅಂತ ನೆನಪಿಟ್ಟುಕೊಂಡಿರುವುದು ನಿಮ್ಮ ಕಾಲೇಜಿನ ಬೆಂಚಿನಲ್ಲಿ ಕೂತಿದ್ದವರ ಗಣಿತ.

ಅಮ್ಮನಿಗೂ ಒಂದು ಮಾತು. ನೀವು ಕಂಡ ಅಮೆರಿಕ ನ್ಯೂಜೆರ್ಸಿಯ ಒಂದು ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಊರಿನ ಶಾಲೆಗಳನ್ನು ನಡೆಸುವ ವಲಯ. ಆ ದೇಶದಲ್ಲಿ ಒಳ್ಳೆಯದು, ಕೆಟ್ಟದ್ದು ಎಲ್ಲ ಸೇರಿ ಡಿಸ್ಟ್ರಿಕ್ಟ್‌ಗಳು ಸುಮಾರು 13,000 ಇವೆ. ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಅಂತ ಅಲ್ಲಿಲ್ಲ. ಏನು ಕಲಿಸಬೇಕು ಅನ್ನುವುದು ರಾಜ್ಯ ಮತ್ತು ಸ್ಥಳೀಯ ಮಂಡಳಿಯ ಕೈಯಲ್ಲಿದೆ. ಶಾಲೆಗೆ ಬರುವ ದುಡ್ಡಿನಲ್ಲಿ ಕೇಂದ್ರದ ಪಾಲು ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಅಷ್ಟೇ. ದೊಡ್ಡ ಪಾಲು ರಾಜ್ಯದ್ದು ಮತ್ತು ಊರಿನ ಆಸ್ತಿ ತೆರಿಗೆಯದ್ದು. ಹಾಗಾಗಿ ಮನೆ ದುಬಾರಿ ಇದ್ದಲ್ಲಿ ಶಾಲೆಯೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. "ಹೌದು, ಸ್ಕೂಲ್ ರೇಟಿಂಗ್ ನೋಡಿಯೇ ಅಲ್ಲಿ ಮನೆ ಮಾಡಿದ್ವಿ" ಅಂದರು ಅಮ್ಮ. ನಮ್ಮಲ್ಲಿ ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಕೇಂದ್ರ ಮತ್ತು ರಾಜ್ಯ ಎರಡರ ಪಟ್ಟಿಯಲ್ಲೂ ಇದೆ. ಒಂದೇ ರಸ್ತೆಯಲ್ಲಿ ಸಿಬಿಎಸ್‌ಇ, ಐಸಿಎಸ್‌ಇ, ರಾಜ್ಯ ಪಠ್ಯಕ್ರಮದ ಶಾಲೆಗಳು ಅಕ್ಕಪಕ್ಕ ಇರುತ್ತವೆ. ದೇಶದಲ್ಲಿ ಸುಮಾರು 25 ಕೋಟಿ ಶಾಲಾಮಕ್ಕಳಿದ್ದಾರೆ. ಇಷ್ಟೆಲ್ಲವನ್ನು 'ಅಲ್ಲಿ' 'ಇಲ್ಲಿ' ಅಂತ ಎರಡೇ ಪದದಲ್ಲಿ ತೂಗಿದರೆ ಈ ಮಗುವಿಗೆ ಏನೂ ಸಹಾಯ ಆಗಲ್ಲ, ಅಲ್ವಾ?

ಮುಂದಿನ ಭೇಟಿಗೆ ಉತ್ತರ ಪತ್ರಿಕೆಗಳನ್ನು ತರಲು ಹೇಳಿದೆ. ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಇತಿಹಾಸದಲ್ಲಿ ಐದು ಅಂಕದ ಪ್ರಶ್ನೆ: ಫ್ರೆಂಚ್ ಕ್ರಾಂತಿಗೆ ಕಾರಣಗಳನ್ನು ವಿವರಿಸಿ. ನಿಧಿ ಒಂದು ಪುಟ ತುಂಬ ಬರೆದಿದ್ದಳು, ಆದರೆ ಎಲ್ಲವೂ ರೊಟ್ಟಿಯ ಬೆಲೆಯ ಬಗ್ಗೆ. ಜನಸಂಖ್ಯೆ ಏರಿತು, ಧಾನ್ಯ ಅಷ್ಟು ಬೆಳೆಯಲಿಲ್ಲ, 1788ರಲ್ಲಿ ಬೆಳೆ ಕೈಕೊಟ್ಟಿತು, ಕೂಲಿ ಮಾತ್ರ ಬೆಲೆಯ ಜೊತೆ ಏರಲಿಲ್ಲ. ಪಾದ್ರಿಗಳಿಗೂ ಶ್ರೀಮಂತ ಮನೆತನಗಳಿಗೂ ತೆರಿಗೆ ವಿನಾಯಿತಿ ಇದ್ದದ್ದು ಹಳೇ ಸಿಟ್ಟು. ಆ ಸಿಟ್ಟು ಬೀದಿಗೆ ಬಂದದ್ದು ರೊಟ್ಟಿ ಸಿಗದಿದ್ದಾಗ ಅಂತ ಅವಳ ವಾದ. ನನಗಂತೂ ಓದಿ ಖುಷಿಯಾಯಿತು. ಬಂದ ಅಂಕ ಒಂದೂವರೆ.

ಟೀಚರ್ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆದರೆ ಅವರ ಮೇಜಿನ ಮೇಲೆ ಒಂದು ಕ್ಲಾಸಿನದೇ ನಲವತ್ತು ಚಿಲ್ಲರೆ ಪತ್ರಿಕೆ, ಪಕ್ಕದಲ್ಲಿ ಐದು ಪಾಯಿಂಟುಗಳ ಉತ್ತರ ಸೂಚಿ. ರಾಜಕೀಯ, ಸಮಾಜ, ತೆರಿಗೆ, ಚಿಂತಕರು, ಆಹಾರ. ಪಾಯಿಂಟಿಗೊಂದು ಅಂಕ. ಇವಳು ಒಂದೇ ಪಾಯಿಂಟನ್ನು ಐದು ಪಟ್ಟು ಚೆನ್ನಾಗಿ ಬರೆದಿದ್ದಳು. ಅವಳ ಹಳೇ ಶಾಲೆಯಲ್ಲಿ ಕಲಿಸಿದ್ದೇ ಅದು: ಒಂದು ನಿಲುವು ತಗೋ, ಪುರಾವೆ ಕೊಡು, ಯಾಕೆ ಅಂತ ಹೇಳು. ಇಲ್ಲಿ ಕೇಳುವುದು, ಪಾಠದ ಹರವೆಲ್ಲ ನಿನಗೆ ಗೊತ್ತಿದೆಯಾ ಅಂತ.

ಗಣಿತದ ಪತ್ರಿಕೆ ಇನ್ನೂ ಸ್ಪಷ್ಟವಾಗಿತ್ತು. ಬೀಜಗಣಿತದಲ್ಲಿ ಇವಳು ಕ್ಲಾಸಿಗಿಂತ ಮುಂದೆ. ಸರಳರೇಖೆಯ ಸಮೀಕರಣ, ಗ್ರಾಫ್ ಎಲ್ಲ ಸಲೀಸು. ಅಮೆರಿಕದಲ್ಲಿ ಒಂದೊಂದು ವರ್ಷ ಒಂದೊಂದು ಕೋರ್ಸ್: ಆಲ್ಜಿಬ್ರಾ ಒಂದು, ಆಮೇಲೆ ಜಿಯೊಮೆಟ್ರಿ, ಆಮೇಲೆ ಆಲ್ಜಿಬ್ರಾ ಎರಡು. ಇವಳು ಎಂಟರಲ್ಲೇ ಆಲ್ಜಿಬ್ರಾ ಒಂದು ಮುಗಿಸಿದ್ದಳು. ಜಿಯೊಮೆಟ್ರಿಯ ವರ್ಷ ಬರುವಷ್ಟರಲ್ಲಿ ವಿಮಾನ ಹತ್ತಿದ್ದಳು. ನಮ್ಮಲ್ಲಿ ಎಲ್ಲವೂ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬರುತ್ತದೆ. ಒಂಬತ್ತಕ್ಕೆ ಬಂದ ಮಗುವಿಗೆ ತ್ರಿಭುಜಗಳ ಸರ್ವಸಮತೆ ಏಳರಿಂದಲೇ ಗೊತ್ತು ಅಂತ ಪುಸ್ತಕ ನಂಬಿರುತ್ತದೆ. ನಿಧಿ ಆ ಸಾಧನೆಗಳನ್ನು (ಪ್ರೂಫ್) ಹಿಂದೆ ಯಾವತ್ತೂ ಬರೆದಿರಲಿಲ್ಲ. ಕ್ಯಾಲ್ಕುಲೇಟರ್ ಇಲ್ಲದೆ ವರ್ಗಮೂಲ ತೆಗೆಯಲು ಕೈ ತಡೆಯುತ್ತಿತ್ತು. ಉತ್ತರ ಸರಿ ಇದ್ದರೂ ಹಂತಗಳನ್ನು ಬರೆಯದೆ ಅಂಕ ಕಳೆದುಕೊಂಡದ್ದು ಬೇರೆ. ಮಾರ್ಕ್ಸ್ ಹೋದದ್ದು ಹೆಚ್ಚಾಗಿ ಈ ಮೂರು ಕಡೆ. ಇದನ್ನೇ ಮನೆಯಲ್ಲಿ 'ಗಣಿತದಲ್ಲಿ ವೀಕ್' ಅನ್ನುತ್ತಿದ್ದರು.

ನಿಧಿ ಬಾಯಿ ಬಿಟ್ಟದ್ದು ಆಗ. "ಅಲ್ಲಿ ಟೆಸ್ಟ್ ಕೆಟ್ಟರೆ ಇನ್ನೊಂದು ಸಲ ಬರೀಬಹುದಿತ್ತು. ಹೋಮ್‌ವರ್ಕ್, ಪ್ರಾಜೆಕ್ಟ್ ಎಲ್ಲಾ ಸೇರ್ತಿತ್ತು. ಇಲ್ಲಿ ಮೂರು ಗಂಟೆಯಲ್ಲಿ ಎಲ್ಲಾ ಮುಗಿದುಹೋಗುತ್ತೆ." ಹೊಟ್ಟೆನೋವಿನ ಮೂಲ ಇಲ್ಲಿತ್ತು. ಅಮೆರಿಕದ ಹೈಸ್ಕೂಲಿನಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ, ಪಾಸಾದ ಒಂದೊಂದು ಕೋರ್ಸಿಗೂ ಕ್ರೆಡಿಟ್ ಕೂಡುತ್ತಾ ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಮುಗಿಸಲು 120 ಕ್ರೆಡಿಟ್ ಬೇಕು. ತಪ್ಪು ನಾಲ್ಕು ವರ್ಷಕ್ಕೆ ಹರಡಿಕೊಳ್ಳುತ್ತದೆ, ಹಾಗೇ ಸೋಮಾರಿತನವೂ ಒಂಬತ್ತರಿಂದಲೇ ದಾಖಲಾಗುತ್ತದೆ. ನಮ್ಮ ಬೋರ್ಡಿನಲ್ಲಿ 20 ಅಂಕ ಶಾಲೆಯ ಕೈಯಲ್ಲಿ, 80 ಪರೀಕ್ಷೆಯಲ್ಲಿ. ಹತ್ತು ಮತ್ತು ಹನ್ನೆರಡರಲ್ಲಿ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಇತ್ತೀಚೆಗೆ ಇದು ಸ್ವಲ್ಪ ಸಡಿಲ ಆಗುತ್ತಿದೆ. ಕರ್ನಾಟಕದ ಎಸ್‌ಎಸ್‌ಎಲ್‌ಸಿಗೆ 2024ರಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಸಿಬಿಎಸ್‌ಇ ಕೂಡ 2026ರಿಂದ ಹತ್ತಕ್ಕೆ ಎರಡು ಪರೀಕ್ಷೆ ಅಂದಿದೆ. ಇದನ್ನು ಹೇಳಿದಾಗ ಹುಡುಗಿಯ ಮುಖ ಸ್ವಲ್ಪ ಸಡಿಲವಾಯಿತು.

ಕೊಟ್ಟ ಸಲಹೆ

ಮೊದಲನೆಯದು ಅಪ್ಪನಿಗೆ. ಫೌಂಡೇಶನ್ ಕೋಚಿಂಗ್ ಸದ್ಯಕ್ಕೆ ಬಿಡಿಸಿ. ಅಲ್ಲಿ ನಡೆಯುತ್ತಿರುವುದು ಹನ್ನೊಂದನೇ ಕ್ಲಾಸಿನ ಗಣಿತ, ಇವಳಿಗೆ ಬೇಕಿರುವುದು ಏಳನೇ ಕ್ಲಾಸಿನ ತ್ರಿಭುಜ. ಆರರಿಂದ ಎಂಟರವರೆಗಿನ ಎನ್‌ಸಿಇಆರ್‌ಟಿ ಪುಸ್ತಕಗಳ ರೇಖಾಗಣಿತ ಮಾತ್ರ ಕೂರಿಸಿ ಹೇಳಿಕೊಡಿ, ನೀವೇ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ಅವರು ಒಪ್ಪಲು ಎರಡು ವಾರ ತಗೊಂಡರು. ಕೋಚಿಂಗ್ ಫೀಸ್ ವಾಪಸ್ ಬರಲ್ಲ ಅನ್ನುವ ಸಂಕಟ ಜಾಸ್ತಿ ಇತ್ತು ಅಂತ ನನ್ನ ಅನುಮಾನ.

ನಿಧಿಗೆ ಹೇಳಿದ್ದು: ರೊಟ್ಟಿಯ ವಾದ ಬಿಡಬೇಡ. ಅದನ್ನು ನಿನ್ನ ನೋಟ್‌ಬುಕ್ಕಿನಲ್ಲಿ ಬರಿ. ಪರೀಕ್ಷೆಯಲ್ಲಿ ಮೊದಲು ಐದು ಪಾಯಿಂಟ್, ಕೊನೆಗೆ ಎರಡು ಸಾಲಿನಲ್ಲಿ ನಿನ್ನ ಅಭಿಪ್ರಾಯ. ಸಿಬಿಎಸ್‌ಇ ಪ್ರತಿ ವರ್ಷ ಹತ್ತಕ್ಕೆ ಮಾದರಿ ಪತ್ರಿಕೆಯ ಜೊತೆ ಅಂಕ ಹಂಚುವ ಸೂಚಿಯನ್ನೂ ಹಾಕುತ್ತದೆ. ಅದನ್ನು ಒಮ್ಮೆ ಟೀಚರ್ ಥರ ಕೂತು ನೋಡು, ನಿನ್ನ ಪತ್ರಿಕೆಗೆ ನೀನೇ ಅಂಕ ಹಾಕು. ಈಗ ಒಂಬತ್ತು, ಹತ್ತರಲ್ಲಿ ಅರ್ಧದಷ್ಟು ಅಂಕ ತಿಳಿವಳಿಕೆಯನ್ನು ಬಳಸುವ ಪ್ರಶ್ನೆಗಳಿಗೆ. ಅಲ್ಲಿ ನಿನ್ನ ಹಳೇ ಅಭ್ಯಾಸವೇ ಕೈಹಿಡಿಯುತ್ತದೆ.

ಎರಡನೇ ಭಾಷೆಗೆ ಕನ್ನಡವನ್ನೇ ಇಟ್ಟುಕೊಳ್ಳಿ ಅಂದೆ. ಮನೆಯಲ್ಲಿ ಮಾತಾಡುವ ಭಾಷೆ, ಬರೆಯಲು ಮಾತ್ರ ಬರದು. ಒಂದೂ ಮಾತು ಬಾರದ ಹಿಂದಿಗಿಂತ ಇದು ವಾಸಿ. ಹೇಗೂ ಶಾಲೆಗಳಲ್ಲಿ ಕನ್ನಡ ಕಲಿಸಬೇಕು ಅನ್ನುವ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದಲ್ಲಿ ಇದ್ದೇ ಇದೆ.

ಇನ್ನು ದೊಡ್ಡ ಪ್ರಶ್ನೆ: ಇಲ್ಲೇ ಇರೋದಾ, ವಾಪಸ್ ಹೋಗೋದಾ. ಯಾವ ದೇಶ ಒಳ್ಳೆಯದು ಅಂತ ಕೇಳಬೇಡಿ, ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಅಂತ ನೋಡಿ ಅಂದೆ. ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹತ್ತು ಒಂದೇ ಜೋಡಿ. ಒಂಬತ್ತು ಮುಗಿಸದೆ ನೇರ ಹತ್ತಕ್ಕೆ ಸೇರಲು ಆಗಲ್ಲ. ಹನ್ನೊಂದು, ಹನ್ನೆರಡೂ ಹಾಗೇ. ಆದ್ದರಿಂದ ಹೋಗುವುದಿದ್ದರೆ ಹತ್ತು ಮುಗಿಸಿ ಹೋಗಿ, ನಡುವೆ ಬೇಡ. ಅಲ್ಲಿನ ಕಾಲೇಜುಗಳು ಒಂಬತ್ತು, ಹತ್ತರ ಅಂಕವನ್ನೂ ನೋಡುತ್ತವೆ, ಹಾಗಾಗಿ ಈಗಿನ ಮಾರ್ಕ್ಸ್ ಕಾರ್ಡುಗಳನ್ನು ಜೋಪಾನ ಮಾಡಿ. ಇನ್ನೊಂದು: ಮಗಳ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ ಅಂದ ಮಾತ್ರಕ್ಕೆ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕಡಿಮೆ ಫೀಸ್ ಸಿಗಲ್ಲ. ಅದು ಆ ರಾಜ್ಯದಲ್ಲಿ ವಾಸ ಇದ್ದವರಿಗೆ.

ಇಲ್ಲೇ ಉಳಿದರೆ? ನಿಧಿಯ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಯಾವ ವರ್ಷದ್ದು ಅಂತ ಕೇಳಿದೆ. ಅಪ್ಪ ಫೋನಿನಲ್ಲಿ ಹುಡುಕಿ ತೋರಿಸಿದರು, 2012. ಈ ತಾರೀಕು ಮುಖ್ಯ. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ಒಸಿಐ ಮಕ್ಕಳು ನೀಟ್ (ವೈದ್ಯಕೀಯ), ಜೆಇಇ (ಎಂಜಿನಿಯರಿಂಗ್) ಪ್ರವೇಶ ಪರೀಕ್ಷೆ ಬರೆದರೂ ಅನಿವಾಸಿ ಭಾರತೀಯರ (ಎನ್‌ಆರ್‌ಐ) ಸೀಟಿಗೋ ಹೆಚ್ಚುವರಿ ಸೀಟಿಗೋ ಮಾತ್ರ ಹೋಗಬೇಕು. ಆದರೆ ಆ ದಿನಕ್ಕಿಂತ ಮೊದಲು ಕಾರ್ಡ್ ಪಡೆದವರಿಗೆ ಇದು ಅನ್ವಯಿಸಲ್ಲ ಅಂತ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೇ ಕಾರ್ಡ್ ಎಲ್ಲೂ ಕಳೆಯಬೇಡಿ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಗೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಇವಳು ಓದಿಲ್ಲ. ಅಪ್ಪ ಅಥವಾ ಅಮ್ಮ ಇಲ್ಲಿ ಏಳು ವರ್ಷ ಓದಿದ್ದು, ಮಗು ಹನ್ನೊಂದು, ಹನ್ನೆರಡನ್ನು ಇಲ್ಲೇ ಪಾಸು ಮಾಡಿದರೆ ಇನ್ನೊಂದು ದಾರಿ ಇದೆ. ಸಿಇಟಿ ನಡೆಸುವ ಕೆಇಎ ಆ ವರ್ಷ ಹೊರಡಿಸುವ ಪುಸ್ತಿಕೆಯಲ್ಲಿ ಷರತ್ತನ್ನೂ ಪೌರತ್ವದ ನಿಯಮವನ್ನೂ ಓದಿಕೊಳ್ಳಿ, ನಿಮ್ಮ ಹಳೇ ಶಾಲೆಗಳಿಂದ ವ್ಯಾಸಂಗ ಪತ್ರ ಈಗಲೇ ತರಿಸಿಡಿ ಅಂದೆ. ಅಮ್ಮ ಓದಿದ ಪ್ರೈಮರಿ ಶಾಲೆ ಚನ್ನಗಿರಿ ಕಡೆಯ ಹಳ್ಳಿಯದು. ಆ ಕಾಗದಕ್ಕೆ ಓಡಾಟ ಸ್ವಲ್ಪ ಆಯಿತು, ಸಿಕ್ಕಿತು.

ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 58 ಬಂತು. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಗಣಿತದ ದಿನ ಮಾತ್ರ ಇಣುಕುತ್ತದೆ. ಹತ್ತು ಇಲ್ಲೇ ಅಂತ ಮೂವರೂ ಸೇರಿ ತೀರ್ಮಾನ ಮಾಡಿದ್ದಾರೆ.

ಈಗ ತಕರಾರು ಹನ್ನೊಂದರದ್ದು. ನಿಧಿಗೆ ಇತಿಹಾಸವೂ ಬೇಕು, ಕಂಪ್ಯೂಟರ್ ಸೈನ್ಸೂ ಬೇಕು. ನ್ಯೂಜೆರ್ಸಿಯಲ್ಲಿ ಇದು ಪ್ರಶ್ನೆಯೇ ಆಗುತ್ತಿರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ವಿಜ್ಞಾನ, ಕಲೆ ನಡುವಿನ ಗೋಡೆ ಬೇಡ ಅನ್ನುತ್ತದೆ. ಆದರೆ ಟೈಮ್‌ಟೇಬಲ್ ಮಾಡುವುದು ಶಾಲೆ. ಅವಳದೇ ಶಾಲೆ ಆಗಲ್ಲ ಅಂದಿದೆ. ಇನ್ನೊಂದು ಶಾಲೆ ಹತ್ತು ಮಕ್ಕಳು ಕೇಳಿದರೆ ನೋಡೋಣ ಅಂದಿದೆ. ನಿಧಿ ಈಗ ಆ ಉಳಿದ ಒಂಬತ್ತು ಮಂದಿಯನ್ನು ಹುಡುಕುತ್ತಿದ್ದಾಳೆ, ನಾಲ್ವರು ಸಿಕ್ಕಿದ್ದಾರಂತೆ. ಅಪ್ಪ ಮಾತ್ರ ಇನ್ನೂ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂತಲೇ ಇದ್ದಾರೆ.