ಗಂಜಿ ತಿಂದೇ ಬೆಳೆದವರು ಕಾರ್ಬ್ (ಪಿಷ್ಟ, ಸಕ್ಕರೆ ಅಂಶ) ಕಮ್ಮಿ, ಕೊಬ್ಬು ಜಾಸ್ತಿ ಊಟ ಶುರು ಮಾಡುವುದು ಹೇಗೆ?

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಶುಗರ್ ತೀರಾ ಇಳಿಯಬಹುದು.

ನಮ್ಮ ಕಾಸರಗೋಡಿನಲ್ಲಿ ತೆಂಗಿನೆಣ್ಣೆ, ಬೂತಾಯಿ ಮೀನು, ಮೊಟ್ಟೆ, ಬಸಳೆ ಎಲ್ಲ ಕೈಗೆಟಕುತ್ತವೆ. ತೊಡಕು ಕುಚ್ಚಲಕ್ಕಿಯದ್ದೇ. 100 ಗ್ರಾಂ ಅನ್ನದಲ್ಲೇ ಹೆಚ್ಚುಕಡಿಮೆ 28 ಗ್ರಾಂ ಕಾರ್ಬ್. ಕಟ್ಟುನಿಟ್ಟು ಮಾಡುವವರಿಗೆ ಕಾರ್ಬ್ ದಿನಕ್ಕೆ 50 ಗ್ರಾಂ ದಾಟಬಾರದು. ನಾನು ಮೊದಲು ರಾತ್ರಿಯ ಗಂಜಿ ಬಿಟ್ಟೆ. ಬಟ್ಟಲಲ್ಲಿ ಬರೀ ಮೀನು ಗಸಿ ಕಂಡು ಅತ್ತೆ, "ಅನ್ನ ಮರೆತೆಯಾ?" ಎಂದರು!

ಮೊದಲ ವಾರ ಇಳಿಯುವ ತೂಕ ಜಾಸ್ತಿ ನೀರೇ, ಜೊತೆಗೆ ಉಪ್ಪೂ ಹೋಗುತ್ತದೆ. ನನಗೆ ತಲೆನೋವು ಬಂದದ್ದು ಅದಕ್ಕೇ. ಬಿಪಿ ಇಲ್ಲದಿದ್ದರೆ ನೀರು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.

ಒಬ್ಬರೇ ಮಾಡಬೇಡಿ. ನಾವು ಅಕ್ಕಪಕ್ಕದ ನಾಲ್ವರು ಭಾನುವಾರ ಒಟ್ಟಿಗೆ ತೂಕ ನೋಡುತ್ತೇವೆ. ಮದುವೆ ಊಟಕ್ಕೂ ಒಂದೇ ಸಾಲು. ಪಾಯಸ ಬಂದಾಗ ಪಕ್ಕದವಳು ಕಣ್ಣು ಬಿಟ್ಟರೆ ಸಾಕು, ಕೈ ತಾನಾಗಿ ಎಲೆಗೆ ಅಡ್ಡ ಹೋಗುತ್ತದೆ.