ಸಿಂಹಗಡದಿಂದ ರಾಯಗಡಕ್ಕೆ: ಏರು ಕಷ್ಟವೋ, ಇಳಿತ ಕಷ್ಟವೋ?

ಸಹ್ಯಾದ್ರಿಯ ಕೋಟೆಗಳನ್ನು ಜೋಡಿಸುವ ದೀರ್ಘ ಚಾರಣದ ಬಗ್ಗೆ ಮುಂಬಯಿ, ಪುಣೆ ಮತ್ತು ಗೋವೆಯ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಪುಣೆಯ ಕೋಥರೂಡಿನಲ್ಲಿ ನೆಲೆಸಿರುವ ಐವರು ಸ್ನೇಹಿತರು. ಡಿಸೆಂಬರಿನಲ್ಲಿ ಸಿಂಹಗಡದಿಂದ ಹೊರಟು ರಾಜಗಡ, ತೋರಣಾ ಮಾರ್ಗವಾಗಿ ಐದು ದಿನಗಳಲ್ಲಿ ರಾಯಗಡ ಮುಟ್ಟಬೇಕೆಂದಿದ್ದೇವೆ. ಊರಿನಲ್ಲಿದ್ದಾಗ ಕುಮಾರಪರ್ವತ ಹತ್ತಿದ ಅನುಭವವಿದೆ. ಈ ದಾರಿಯಲ್ಲಿ ಅತಿ ಕಠಿಣವಾದ ಏರು ಯಾವುದು, ಇಳಿತ ಯಾವುದು?

ಉತ್ತರ: ಕುಮಾರಪರ್ವತವನ್ನು ಹತ್ತಿ ಇಳಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1712 ಮೀಟರ್ ಎತ್ತರದ ಆ ಶಿಖರ ಹತ್ತುವಾಗ ಉಸಿರು ಕಟ್ಟಿಸುತ್ತದೆ. ಆದರೆ ಮೊಣಕಾಲು ನಿಜವಾಗಿ ಸೋಲುವುದು ಭಟ್ಟರ ಮನೆ ದಾಟಿ ಕುಕ್ಕೆಯ ಕಡೆಗೆ ಇಳಿಯುವ ಕಾಡುದಾರಿಯಲ್ಲಿ. ನೀವು ಆರಿಸಿಕೊಂಡ ದಾರಿಯಲ್ಲಿ ಅಂಥ ಇಳಿತಗಳು ನಾಲ್ಕಿವೆ. ಅವು ಒಂದೇ ದಿನ ಬರದೆ, ದಿನಕ್ಕೊಂದರಂತೆ ಬರುತ್ತವೆ ಎನ್ನುವುದೇ ಈ ಚಾರಣದ ಕಷ್ಟದ ತಿರುಳು.

ಮೊದಲು ಏರುಗಳನ್ನು ನೋಡೋಣ. ಪುಣೆಯವರಾದ ನಿಮಗೆ ಅತಕರವಾಡಿಯಿಂದ ಸಿಂಹಗಡ ಹತ್ತುವುದು ಭಾನುವಾರದ ವಾಡಿಕೆಯೇ ಆಗಿರಬಹುದು. ಅಲ್ಲಿಂದ ಕಲ್ಯಾಣ ದರವಾಜಾದ ಮೂಲಕ ಇಳಿದು, ವಿಂಝರ್ ಕಡೆಯಿಂದ ಗುಂಜವಣೆ ಸೇರಿದರೆ ರಾಜಗಡದ ಬುಡ ಬಂದಂತೆ. ಗುಂಜವಣೆಯಿಂದ ಚೋರ ದರವಾಜಾಕ್ಕೆ ಸುಮಾರು ಆರುನೂರು ಮೀಟರ್ ಏರಬೇಕು. ಕೊನೆಯ ಭಾಗದಲ್ಲಿ ಬಂಡೆಗೆ ಕೊರೆದ ಮೆಟ್ಟಿಲುಗಳೂ ಹಿಡಿದುಕೊಳ್ಳಲು ಕಂಬಿಗಳೂ ಇವೆ. ಕಡಿದಾದ ದಾರಿಯೇ ಹೌದು, ಆದರೆ ಮುಂಜಾನೆಯ ತಂಪಿನಲ್ಲಿ, ಎರಡನೆಯ ದಿನದ ಕಾಲುಗಳಿಗೆ ಅದು ಅಷ್ಟೇನೂ ಭಾರವಾಗದು. ಹೊರೆ ಹೆಚ್ಚಿದ್ದರೆ ಪಾಲಿ ದರವಾಜಾದ ಅಗಲವಾದ ಮೆಟ್ಟಿಲುದಾರಿಯೂ ಇದೆ.

ನನ್ನ ಲೆಕ್ಕದಲ್ಲಿ ಅತಿ ಕಠಿಣವಾದ ಏರು ತೋರಣಾದ್ದು, ಅದೂ ರಾಜಗಡದ ಕಡೆಯಿಂದ ಬುಧಲಾ ಮಾಚಿಗೆ ಹತ್ತುವ ಕೊನೆಯ ಭಾಗ. ಮಾಚಿ ಎಂದರೆ ಕೋಟೆಯ ನೆತ್ತಿಗಿಂತ ಕೆಳಗೆ ಚಾಚಿಕೊಂಡ, ಗೋಡೆ ಕಟ್ಟಿದ ಹಂತ. ತೋರಣಾ 1403 ಮೀಟರ್ ಎತ್ತರವಿದ್ದು, ಪುಣೆ ಜಿಲ್ಲೆಯ ಕೋಟೆಗಳಲ್ಲೇ ಎತ್ತರದ್ದು. ಎತ್ತರಕ್ಕಿಂತ ಹೆಚ್ಚಾಗಿ ಅದು ಎದುರಾಗುವ ಹೊತ್ತು ನಿಮ್ಮನ್ನು ಕಂಗೆಡಿಸುತ್ತದೆ. ಸಂಜೀವನಿ ಮಾಚಿಯ ಆಳು ದರವಾಜಾದಿಂದ ಇಳಿದು, ಬೆಟ್ಟಗಳ ನಡುವಿನ ಖಿಂಡಿಯಲ್ಲಿ ಡಾಂಬರು ರಸ್ತೆ ದಾಟಿ, ನೆರಳು ಕಡಿಮೆಯಿರುವ ದಿಣ್ಣೆಯ ನೆತ್ತಿಯ ಮೇಲೆ ಗಂಟೆಗಟ್ಟಲೆ ಏರಿಳಿಯುತ್ತ ನಡೆದ ಮೇಲೆ, ಬಿಸಿಲು ನೆತ್ತಿಗೆ ಬಂದು ಬಾಟಲಿಯ ನೀರು ತಳ ಕಾಣುವ ಹೊತ್ತಿಗೆ, ಆ ಗೋಡೆಯಂಥ ಏರು ಎದುರು ನಿಲ್ಲುತ್ತದೆ. ಒಂದೆಡೆ ಬಂಡೆಗೆ ಕಬ್ಬಿಣದ ಏಣಿಯಿದೆ. ಏಣಿಯ ಬಗ್ಗೆ ಅನೇಕರು ಹೆದರುತ್ತಾರೆ; ನಿಜವಾಗಿ ಅದಕ್ಕಿಂತ ಎಚ್ಚರ ಬೇಕಿರುವುದು ಅದರ ಹಿಂದುಮುಂದಿನ ಒಣಹುಲ್ಲಿನ ಇಳಿಜಾರಿನಲ್ಲಿ. ಡಿಸೆಂಬರಿನ ಹುಲ್ಲು ಬೂಟಿನಡಿಯಲ್ಲಿ ಮಲಗಿಬಿಟ್ಟಿತೆಂದರೆ ಹಿಡಿತವೇ ಸಿಗುವುದಿಲ್ಲ. ರಾಜಗಡ ಬಿಡುವಾಗಲೇ ತಲೆಗೆ ನಾಲ್ಕು ಲೀಟರ್ ನೀರು ತುಂಬಿಸಿಕೊಳ್ಳಿ.

ಇಳಿತಗಳ ವಿಚಾರಕ್ಕೆ ಬರುವ ಮೊದಲು ಈ ಬೆಟ್ಟಗಳ ರಚನೆಯನ್ನು ಅರಿತುಕೊಳ್ಳುವುದು ಒಳ್ಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ ದಖನಿನ ಈ ಕಪ್ಪುಕಲ್ಲು ಉಂಟಾಗಿದೆ. ಗಟ್ಟಿಯಾದ ಪದರಗಳು ನೆಟ್ಟನೆಯ ಗೋಡೆಗಳಾಗಿ ಉಳಿದವು. ಮೆತ್ತನೆಯ ಪದರಗಳು ಸವೆದು ಇಳಿಜಾರುಗಳಾದವು, ಮೇಲಿನ ಗೋಡೆಯಿಂದ ಕಳಚಿದ ಚೂರುಗಳೆಲ್ಲ ಅವುಗಳ ಮೇಲೆಯೇ ಬಂದು ಕುಳಿತವು. ಆದ್ದರಿಂದ ಇಲ್ಲಿ ಕೆಳಗಿಳಿಯುವವನು ಒಮ್ಮೆ ಬಂಡೆಯನ್ನು, ಮರುಕ್ಷಣವೇ ಸಡಿಲ ಜಲ್ಲಿಯನ್ನು ಎದುರಿಸಬೇಕಾಗುತ್ತದೆ. ಈ ಸಡಿಲ ಜಲ್ಲಿಗೆ ಇಲ್ಲಿನ ಚಾರಣಿಗರು ಘಸಾರಾ ಎನ್ನುತ್ತಾರೆ. ಗಟ್ಟಿ ಮುರುಮಿನ ನೆಲದ ಮೇಲೆ ಕಡಲೆಕಾಳು ಚೆಲ್ಲಿದಂತೆ ಸಣ್ಣ ಕಲ್ಲುಗಳು ಹರಡಿರುತ್ತವೆ. ಹಿಮ್ಮಡಿ ಊರಿದ ಕೂಡಲೇ ಅವು ಉರುಳುತ್ತವೆ, ಕಾಲು ಮುಂದಕ್ಕೆ ಓಡುತ್ತದೆ, ದೇಹ ಹಿಂದಕ್ಕೆ ವಾಲುತ್ತದೆ. ಹೆದರಿ ಹಿಂದಕ್ಕೆ ವಾಲಿದಷ್ಟೂ ಜಾರುವುದು ಹೆಚ್ಚು. ಮೊಣಕಾಲು ಸ್ವಲ್ಪ ಮಡಿಸಿ, ಭಾರವನ್ನು ಪಾದದ ಮೇಲೆಯೇ ಇರಿಸಿಕೊಂಡು, ಹೆಜ್ಜೆಯನ್ನು ಗಿಡ್ಡ ಮಾಡಿ, ಪಾದವನ್ನು ಕೊಂಚ ಅಡ್ಡಲಾಗಿ ಇಡುತ್ತ ಇಳಿಯಬೇಕು. ಆಳು ದರವಾಜಾದ ಕೆಳಗೆ ಇದು ನಿಮಗೆ ಮೊದಲು ಎದುರಾಗುತ್ತದೆ. ಅಲ್ಲಿಯೇ ಕಲಿತುಕೊಂಡರೆ ತೋರಣಾದಿಂದ ಹರಪುಡ್ ಕಡೆಗೆ ಇಳಿಯುವಾಗ ಉಪಯೋಗಕ್ಕೆ ಬರುತ್ತದೆ.

ಅತಿ ಕಠಿಣವಾದ ಇಳಿತ ಯಾವುದೆಂಬ ಬಗ್ಗೆ ನನಗೆ ಅನುಮಾನವಿಲ್ಲ: ಮೋಹರಿ ಹಳ್ಳಿಯ ಆಚೆ, ರಾಯಲಿಂಗ ಪಠಾರ (ಬೆಟ್ಟದ ಮೇಲಿನ ಬಯಲು) ಮತ್ತು ಲಿಂಗಾಣಾದ ಚೂಪಾದ ಬಂಡೆಶಿಖರದ ನಡುವೆ ಕೊಂಕಣಕ್ಕೆ ಬೀಳುವ ಬೋರಾಟ್ಯಾಚಿ ನಾಳ್. ಘಟ್ಟದ ಗೋಡೆ ಸೀಳಿದೆಡೆ ಮಳೆನೀರು ಕೊರೆದ ಕಿರಿದಾದ ಕೊರಕಲು ಅದು. ಗೋಡೆಯಿಂದ ಬಿದ್ದ ಬಂಡೆಗಳೇ ಅಲ್ಲಿನ ದಾರಿ. ಕೆಲವು ಬಂಡೆಗಳು ಎದೆಮಟ್ಟದವು, ಕೆಲವು ಕೈಯಿಟ್ಟರೆ ಅಲುಗಾಡುವಂಥವು. ಇಲ್ಲಿ ನಡೆಯುವುದು ಎಂಬುದೇ ಇಲ್ಲ. ಕುಳಿತು, ಕೈಯೂರಿ, ಕಾಲು ಚಾಚಿ ನೆಲ ಹುಡುಕಿ, ಕಡಿದಾದೆಡೆ ಬಂಡೆಗೆ ಮುಖಮಾಡಿ ಹಿಮ್ಮುಖವಾಗಿ ಇಳಿಯಬೇಕು. ಐದು ಜನರಲ್ಲಿ ಒಬ್ಬರು ಸರಿಸಿದ ಕಲ್ಲು ಕೆಳಗಿನವರ ಮೇಲೆ ಬರುತ್ತದೆ. ಆದ್ದರಿಂದ ಒಂದೋ ಒಬ್ಬರಿಗೊಬ್ಬರು ತೀರ ಹತ್ತಿರವಿರಬೇಕು, ಕಲ್ಲಿಗೆ ವೇಗ ಬರುವಷ್ಟು ಅಂತರ ಸಿಗಬಾರದು. ಇಲ್ಲವೇ ಒಬ್ಬರು ಇಳಿದು ಬದಿಯ ಆಸರೆಗೆ ಸರಿದ ಮೇಲೆ ಮತ್ತೊಬ್ಬರು ಹೊರಡಬೇಕು. ಕಲ್ಲು ಸರಿದರೆ ಯಾರೇ ಆಗಲಿ ಗಟ್ಟಿಯಾಗಿ ಕೂಗಬೇಕು, ಅದರಲ್ಲಿ ಸಂಕೋಚ ಬೇಡ.

ಹೊರೆ ಹೊತ್ತು ಹೋಗುವವರಾದರೆ, ಹತ್ತಿರದಲ್ಲೇ ಇರುವ ಸಿಂಗಾಪುರ ನಾಳನ್ನೇ ಹಿಡಿಯಿರಿ. ಹಳ್ಳಿಯ ಜನ ಘಟ್ಟ ಇಳಿಯಲು ಬಳಸುತ್ತ ಬಂದ ದಾರಿ ಅದು. ಬೋರಾಟ್ಯಾಚಿ ನಾಳಿಗೆ ಹೋಲಿಸಿದರೆ ಬಹಳ ಸೌಮ್ಯ, ಲಿಂಗಾಣಾದ ನೋಟವನ್ನೂ ಅದು ಕಳೆಯುವುದಿಲ್ಲ. ಕಠಿಣ ದಾರಿಯನ್ನು ಬಿಟ್ಟರೆ ಚಾರಣ ಅಪೂರ್ಣವಾಯಿತೆಂದು ಭಾವಿಸುವ ತರುಣರನ್ನು ನಾನು ಕಂಡಿದ್ದೇನೆ. ಅವರ ಹುಮ್ಮಸ್ಸನ್ನು ಗೌರವಿಸುತ್ತೇನೆ, ಆದರೆ ನಾಲ್ಕನೆಯ ದಿನದ ಕಾಲುಗಳನ್ನು ನಂಬಿ ಆ ಕೊರಕಲಿಗೆ ಇಳಿಯಿರಿ ಎಂದು ಯಾರಿಗೂ ಹೇಳಲಾರೆ.

ಕೊಂಕಣಕ್ಕೆ ಇಳಿದ ಮೇಲೆ ಕಾಳ ನದಿಯ ಕಣಿವೆ ದಾಟಿ 820 ಮೀಟರ್ ಎತ್ತರದ ರಾಯಗಡವನ್ನು ಏರಬೇಕು. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಆ ಏರು ಬೇಸರ ತರಿಸುತ್ತದೆಯೇ ಹೊರತು ಅಪಾಯದ್ದಲ್ಲ. 1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ ನೆಲವನ್ನು ಕಾಲ್ನಡಿಗೆಯಲ್ಲೇ ಮುಟ್ಟಬೇಕೆಂಬ ನಿಮ್ಮ ಆಸೆ ಸಹಜ. ಇಳಿಯುವಾಗ ರೋಪ್‌ವೇ ಹತ್ತಿದರೆ ಯಾರೂ ನಿಮ್ಮನ್ನು ಆಕ್ಷೇಪಿಸಲಾರರು.

ಪ್ರಶ್ನೆ: ರಾಜಗಡದಿಂದ ತೋರಣಾಕ್ಕೆ ಹನ್ನೆರಡು ಕಿಲೋಮೀಟರ್ ಎನ್ನುತ್ತಾರೆ. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೆ ಮೂರು ಗಂಟೆ ಸಾಕಲ್ಲವೇ? ಏಳು ಗಂಟೆ ಬೇಕೆಂದು ಹೇಳುವುದು ಏಕೆ? — ಡೊಂಬಿವಲಿಯ ಓದುಗರು

ಉತ್ತರ: ಬೆಟ್ಟದಲ್ಲಿ ಕಿಲೋಮೀಟರುಗಳನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸೂತ್ರ ಕೊಟ್ಟರು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇಳಿತಕ್ಕೆ ಸಂಬಂಧಿಸಿದ ತಿದ್ದುಪಡಿ ಆಮೇಲೆ ಸೇರಿತು: ಇಳಿಜಾರು ಸೌಮ್ಯವಾಗಿದ್ದರೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಕಳೆಯಬೇಕು, ಕಡಿದಾಗಿದ್ದರೆ ಹತ್ತು ನಿಮಿಷ ಕೂಡಿಸಬೇಕು. ಅಂದರೆ ಕಡಿದಾದ ಇಳಿತವೂ ಸಮಯ ತಿನ್ನುತ್ತದೆ ಎಂಬುದನ್ನು ಆ ಸೂತ್ರವೇ ಒಪ್ಪುತ್ತದೆ.

ಹಾಗಿದ್ದರೂ ಈ ಲೆಕ್ಕ ಹಗುರ ಹೊರೆಯ, ಚೆನ್ನಾಗಿ ಪಳಗಿದ ನಡಿಗೆಯವರಿಗೆ ಸರಿಹೊಂದುವಂಥದ್ದು. ಬಿಸಿಲು, ಘಸಾರಾ, ಏಣಿಯ ಬಳಿ ಸರದಿಗಾಗಿ ಕಾಯುವುದು, ನೀರಿಗಾಗಿ ನಿಲ್ಲುವುದು ಇವೆಲ್ಲ ಸೇರಿದಾಗ ರಾಜಗಡ–ತೋರಣಾ ನಡಿಗೆಗೆ ಆರರಿಂದ ಏಳು ಗಂಟೆ ಬೇಕೆಂಬುದು ಸರಿಯಾದ ಅಂದಾಜು. ಬೋರಾಟ್ಯಾಚಿ ನಾಳಿನಂಥ ಬಂಡೆಗಳ ದಾರಿಗೆ ಮಾತ್ರ ಯಾವ ಸೂತ್ರವೂ ಒಗ್ಗದು. ಅದಕ್ಕೆ ಎರಡು ಗಂಟೆಗಿಂತ ಕಡಿಮೆ ಎಣಿಸಬೇಡಿ, ಅನುಭವ ಕಡಿಮೆಯಿದ್ದರೆ ಅದಕ್ಕೂ ಹೆಚ್ಚು ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕೊರಕಲಿನೊಳಗೆ ಬೆಳಕು ಅದಕ್ಕಿಂತ ಬೇಗ ಕುಂದುತ್ತದೆ. ಮಧ್ಯಾಹ್ನ ಎರಡರ ನಂತರ ನಾಳಿನ ಬಾಯಿಗೆ ತಲುಪಿದರೆ ಆ ದಿನ ಇಳಿಯದೆ ಮೋಹರಿಗೆ ಮರಳುವುದೇ ವಿವೇಕ.

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮಾತ್ರ ತೊಡೆ ನಡುಗುತ್ತದೆ, ಎರಡು ದಿನಗಳ ನಂತರ ಮೆಟ್ಟಿಲು ಇಳಿಯಲಾರದಷ್ಟು ನೋವು. ಇದು ವಯಸ್ಸಿನ ದೋಷವೇ? — ಠಾಣೆಯ ಓದುಗರೊಬ್ಬರು

ಉತ್ತರ: ಇಪ್ಪತ್ತೈದರ ತರುಣರಿಗೂ ಹೀಗೆಯೇ ಆಗುತ್ತದೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬೀಳುವ ಭಾರವನ್ನು ತಡೆಯಬೇಕು. ಈ ಎರಡನೆಯ ಬಗೆಯ ದುಡಿಮೆಯಲ್ಲಿ ಉಸಿರು ಅಷ್ಟಾಗಿ ಹತ್ತುವುದಿಲ್ಲ, ಆದರೆ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ನೋವು ಕೂಡಲೇ ಕಾಣಿಸದೆ ಒಂದರಿಂದ ಮೂರು ದಿನಗಳೊಳಗೆ ಹೆಚ್ಚುತ್ತದೆ. ಒಂದು ದಿನದ ಚಾರಣದಲ್ಲಿ ಈ ನೋವು ಮನೆಗೆ ಬಂದ ಮೇಲೆ ಬರುವುದರಿಂದ ನಾವು ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ದೀರ್ಘ ಚಾರಣದಲ್ಲಾದರೋ ಎರಡನೆಯ ದಿನ ರಾಜಗಡದಿಂದ ಇಳಿದ ಪೆಟ್ಟು ನಾಲ್ಕನೆಯ ದಿನ ಘಟ್ಟದ ತುದಿಯಲ್ಲಿ, ಕಾಲು ಅತ್ಯಂತ ದೃಢವಾಗಿರಬೇಕಾದ ಹೊತ್ತಿನಲ್ಲೇ, ತಲೆ ಎತ್ತುತ್ತದೆ.

ಸಂತೋಷದ ಸಂಗತಿಯೆಂದರೆ, ಒಮ್ಮೆ ಮಿತವಾಗಿ ಇಳಿದು ಅಭ್ಯಾಸ ಮಾಡಿದ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅಂಥದೇ ದುಡಿಮೆಗೆ ಹೆಚ್ಚು ಗಟ್ಟಿಯಾಗಿರುತ್ತದೆ. ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಇಳಿತದ ಅಭ್ಯಾಸ ಆರಂಭಿಸಿ, ಕೊನೆಯ ನಾಲ್ಕೈದು ದಿನ ವಿಶ್ರಾಂತಿ ಕೊಡಿ. ಎರಡು ಊರುಗೋಲುಗಳು ಮೊಣಕಾಲಿನ ಭಾರವನ್ನು ಕಡಿಮೆ ಮಾಡುತ್ತವೆ. ಇಳಿಯುವಾಗ ಅವುಗಳನ್ನು ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಏಣಿ ಮತ್ತು ಬಂಡೆಯಿರುವಲ್ಲಿ ಮಾತ್ರ ಅವುಗಳನ್ನು ಮಡಿಸಿ ಚೀಲಕ್ಕೆ ಕಟ್ಟಿಬಿಡಿ, ಅಲ್ಲಿ ಕೈಗಳು ಖಾಲಿಯಿರಬೇಕು. ಬೂಟಿನ ದಾರವನ್ನು ಇಳಿತಕ್ಕೆ ಮೊದಲು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ, ಉಗುರನ್ನು ಹಿಂದಿನ ದಿನವೇ ಕತ್ತರಿಸಿ. ಇಲ್ಲದಿದ್ದರೆ ಬೆರಳುಗಳು ಬೂಟಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಇಷ್ಟಾಗಿಯೂ ನೋವು ತೊಡೆಯಲ್ಲಿರದೆ ಮೊಣಕಾಲಿನ ಚಿಪ್ಪಿನ ಸುತ್ತ ಉಳಿದರೆ, ಅಥವಾ ಮೊಣಕಾಲು ಊದಿಕೊಂಡರೆ, ಚಾರಣಕ್ಕೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಇದೇ ದಾರಿ ಹಸಿರಾಗಿ ಸುಂದರವಾಗಿರುತ್ತದೆ ಎನ್ನುತ್ತಾರೆ. ಜುಲೈಯಲ್ಲಿ ಹೋಗಬಹುದೇ? — ವಾಸ್ಕೊದ ಓದುಗರು

ಉತ್ತರ: ರಾಜಗಡವನ್ನೋ ಸಿಂಹಗಡವನ್ನೋ ಬಿಡಿಯಾಗಿ, ರೂಢಿಯ ದಾರಿಯಲ್ಲಿ ನೋಡಿ ಬನ್ನಿ. ಇಡೀ ದಾರಿಯನ್ನು ಜುಲೈಯಲ್ಲಿ ನಡೆಯಬೇಡಿ. ನಾಳ್ ಎಂದರೆ ನೀರಿನದೇ ದಾರಿ. ಮೇಲೆ ಪಠಾರದಲ್ಲಿ ಸುರಿದ ಮಳೆ ಬಹುಬೇಗ ಅದರೊಳಗೆ ನುಗ್ಗುತ್ತದೆ, ಅದರೊಂದಿಗೆ ಕಲ್ಲುಗಳೂ ಬರುತ್ತವೆ. ಪಾಚಿಗಟ್ಟಿದ ಬಂಡೆಯ ಮೇಲೆ ಒಳ್ಳೆಯ ಬೂಟಿಗೂ ಹಿಡಿತವಿರುವುದಿಲ್ಲ, ಮಂಜಿನಲ್ಲಿ ದಿಣ್ಣೆಯ ಕವಲುಗಳು ಗುರುತು ಸಿಗುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ತಕ್ಕದ್ದು. ಆಗಲೂ ಬಂಡೆಗೋಡೆಗಳಲ್ಲಿ ಹೆಜ್ಜೇನು ಗೂಡುಗಳಿರುತ್ತವೆ. ಹೊಗೆ ಎಬ್ಬಿಸಬೇಡಿ, ಸುಗಂಧದ್ರವ್ಯ ಹಚ್ಚಿಕೊಂಡು ಹೋಗಬೇಡಿ.

ಪ್ರಶ್ನೆ: ಘಾಟಕೋಪರಿನ ಹದಿನಾಲ್ಕನೆಯ ಮಹಡಿಯಲ್ಲಿ ಮನೆ, ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿಯಬೇಕು. ಬೆಟ್ಟಕ್ಕೆ ಹೋಗದೆ ಇಳಿತದ ಅಭ್ಯಾಸ ಸಾಧ್ಯವೇ?

ಉತ್ತರ: ನಿಮ್ಮ ಕಟ್ಟಡವೇ ಸಾಕು. ಸಾಮಾನ್ಯವಾಗಿ ಜನ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತಾರೆ. ನೀವು ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲು ಇಳಿಯಿರಿ. ಮೊದಲ ವಾರ ಬರಿಗೈಯಲ್ಲಿ, ದಿನಕ್ಕೆ ಎರಡು ಬಾರಿ, ವಾರದಲ್ಲಿ ಮೂರು ದಿನ ಸಾಕು. ಪಾದವನ್ನು ಧಪ್ಪೆಂದು ಹಾಕದೆ, ಸದ್ದಾಗದಂತೆ ನಿಧಾನವಾಗಿ ಊರಬೇಕು. ಸದ್ದು ಕೇಳಿಸಿದರೆ ಭಾರವನ್ನು ಸ್ನಾಯುವಿನ ಬದಲು ಕೀಲು ಹೊರುತ್ತಿದೆ ಎಂದು ತಿಳಿಯಿರಿ. ಎರಡನೆಯ ವಾರದಿಂದ ಚಾರಣಕ್ಕೆ ಒಯ್ಯುವ ಚೀಲದಲ್ಲಿ ನೀರಿನ ಬಾಟಲಿಗಳನ್ನು ತುಂಬಿ, ಮೂರು ಕಿಲೋದಿಂದ ಆರಂಭಿಸಿ ಕ್ರಮೇಣ ಎಂಟು ಕಿಲೋದವರೆಗೆ ಏರಿಸಿ. ರಜೆಯ ದಿನ ಸಿಕ್ಕರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳ ಬಂಡೆಮೆಟ್ಟಿಲುಗಳ ಮೇಲೆ ಅದೇ ಬೂಟು, ಅದೇ ಚೀಲದೊಂದಿಗೆ ಇಳಿದು ನೋಡಿ. ಕಲ್ಲಿನ ಮೇಲೆ ನಿಮ್ಮ ಬೂಟು ಎಷ್ಟು ಹಿಡಿಯುತ್ತದೆ ಎಂಬುದು ಹೊರಡುವ ಮೊದಲೇ ತಿಳಿಯುತ್ತದೆ, ಬದಲಾಯಿಸಬೇಕಿದ್ದರೆ ಹೊಸ ಬೂಟನ್ನು ಪಳಗಿಸಲು ಸಮಯವೂ ಉಳಿಯುತ್ತದೆ.